ಬೋರ್ಡು ಹಾಕಿದ್ದು ಸಾಕು, ಹಗ್ಗ ಹಿಡಿಯೋದು ಕಲಿಸಿ

ನಮ್ಮ ಕರಾವಳಿಯ ಮಕ್ಕಳಿಗೆ ಬಂಡೆಯ ಬಗ್ಗೆ, ಕಡಲಿನ ಬಗ್ಗೆ ನಾವು ಕಲಿಸಿರುವ ಪಾಠ ಒಂದೇ ಒಂದು. ಅದು ಪುಸ್ತಕದಲ್ಲಿಲ್ಲ, ತಗಡಿನ ಬೋರ್ಡಿನ ಮೇಲಿದೆ. ‘ಅಪಾಯ, ಇಲ್ಲಿ ಇಳಿಯಬೇಡಿ.’ ಬೋರ್ಡು ಹಾಕಿದ ಮೇಲೆ ಇಲಾಖೆಯ ಕೆಲಸ ಮುಗಿಯಿತು. ಅದನ್ನು ಓದಿಯೂ ಇಳಿದವನು ಸತ್ತರೆ ತಪ್ಪು ಅವನದೇ.

ಅದೇ ಬಂಡೆಗೆ ವಾರದ ಕೊನೆಯಲ್ಲಿ ಬೆಂಗಳೂರಿನಿಂದ ಬಸ್ಸು ಬರುತ್ತದೆ. ಶುಕ್ರವಾರ ರಾತ್ರಿ ಹತ್ತಿದವರು ಶನಿವಾರ ಬೆಳಗ್ಗೆ ಕುಮಟಾದಲ್ಲೋ ಗೋಕರ್ಣದಲ್ಲೋ ಇಳಿಯುತ್ತಾರೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಅಂತ ಗುಡ್ಡದ ಅಂಚಿನಲ್ಲೇ ನಡೆಯುತ್ತಾರೆ. ಒಂದು ಕಡೆ ಗೇರುಗಿಡ, ಇನ್ನೊಂದು ಕಡೆ ಸಮುದ್ರ. ಇದಕ್ಕೆ ‘ಬೀಚ್ ಟ್ರೆಕ್’ ಎಂದು ಹೆಸರು. ಈಗ ಅದರ ಜೊತೆಗೆ ಬಂಡೆ ಏರುವುದು, ಹಗ್ಗದಲ್ಲಿ ಇಳಿಯುವುದು ಕೂಡ ಸೇರಿಕೊಳ್ಳುತ್ತಿದೆ. ಬಂದವರು ಕಲಿಯುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಭಾನುವಾರ ರಾತ್ರಿ ವಾಪಸ್.

ಅವರು ಬರಲಿ, ನನಗೆ ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಇಲ್ಲಿ: ದುಡ್ಡು ಕೊಟ್ಟವರಿಗೆ ಪಾಠ, ಊರಿನವರಿಗೆ ಬೋರ್ಡು. ಮತ್ತು ದುಡ್ಡು ಕೊಟ್ಟವರಿಗೆ ಸಿಗುವ ಪಾಠ ಸರಿಯಾದದ್ದೋ ಅಲ್ಲವೋ ಎಂದು ನೋಡುವವರೂ ಯಾರಿಲ್ಲ. ಈ ಎರಡೂ ತಪ್ಪು. ಎರಡಕ್ಕೂ ಮದ್ದು ಒಂದೇ. ಕಲಿಸುವವನಿಗೆ ಪರವಾನಗಿ ಕಡ್ಡಾಯ ಮಾಡಿ, ಕಲಿಸುವ ಕೆಲಸವನ್ನು ಊರಿನ ಹುಡುಗ ಹುಡುಗಿಯರಿಗೆ ಕೊಡಿ, ಮೊದಲ ಪಾಠ ನಮ್ಮ ಶಾಲೆಯ ಮಕ್ಕಳಿಗೆ ಆಗಲಿ.

‘ಇದೇನಪ್ಪ ಬಂಡೆ ಹತ್ತೋ ಆಟಕ್ಕೆ ಇಷ್ಟು ದೊಡ್ಡ ಮಾತು’ ಅಂತ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ.

ನಾಲ್ಕು ಮಕ್ಕಳು, ಎರಡು ದೇಶ

2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಏನಾಯಿತು ಎಂಬುದು ನಿಮಗೆಲ್ಲ ನೆನಪಿದೆ. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ಮಕ್ಕಳು ನೀರಿಗೆ ಇಳಿದರು. ನಾಲ್ವರು ಹೆಣ್ಣುಮಕ್ಕಳು ಹೋದರು. ಆಮೇಲೆ ಏನಾಯಿತು? ಶಿಕ್ಷಕರ ಬಂಧನ, ಪರಿಹಾರದ ಘೋಷಣೆ, ಕಡಲತೀರಕ್ಕೆ ಪ್ರವೇಶ ನಿಷೇಧ. ಸ್ವಲ್ಪ ದಿನ ಕಳೆದ ಮೇಲೆ ತೀರ ಮತ್ತೆ ತೆರೆಯಿತು. ಮಾತು ಅಲ್ಲಿಗೇ ನಿಂತಿತು.

ಈಗ ಇನ್ನೊಂದು ಊರಿನ ಕಥೆ ಕೇಳಿ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಲೈಮ್ ಕೊಲ್ಲಿ ಅಂತ ಒಂದು ಜಾಗ. 1993ರ ಮಾರ್ಚ್ 22ರಂದು ಪ್ಲಿಮತ್ ಊರಿನ ಶಾಲೆಯ ಎಂಟು ಮಕ್ಕಳು, ಒಬ್ಬ ಶಿಕ್ಷಕ, ಇಬ್ಬರು ತರಬೇತುದಾರರು ಸಣ್ಣ ದೋಣಿಗಳಲ್ಲಿ ಸಮುದ್ರಕ್ಕೆ ಹೊರಟರು. ಗಾಳಿ ಅವರನ್ನು ಒಳಗೆ ತಳ್ಳಿತು. ದೋಣಿಗಳು ಮಗುಚಿದವು. ಸಹಾಯಕ್ಕೆ ಕರೆ ಹೋಗಿದ್ದು ತೀರಾ ತಡವಾಗಿ. ನಾಲ್ಕು ಮಕ್ಕಳು ಸತ್ತರು. ಅಲ್ಲಿಯೂ ನಾಲ್ಕೇ.

ತನಿಖೆಯಲ್ಲಿ ಹೊರಬಂದದ್ದು: ಕರೆದೊಯ್ದ ತರಬೇತುದಾರರಿಗೆ ಅಂಥ ಸಮುದ್ರಕ್ಕೆ ಬೇಕಾದ ತರಬೇತಿಯೇ ಇರಲಿಲ್ಲ. ಅದೇ ಕೇಂದ್ರದಲ್ಲಿ ಮೊದಲು ಕೆಲಸ ಮಾಡಿ ಬಿಟ್ಟಿದ್ದ ಇಬ್ಬರು ತಿಂಗಳುಗಳ ಹಿಂದೆಯೇ ‘ಇಲ್ಲಿ ಸುರಕ್ಷತೆ ಸರಿಯಿಲ್ಲ’ ಎಂದು ಪತ್ರ ಬರೆದು ಎಚ್ಚರಿಸಿದ್ದರು. ಮಾಲೀಕರು ಕಿವಿಗೆ ಹಾಕಿಕೊಂಡಿರಲಿಲ್ಲ. 1994ರಲ್ಲಿ ಕಂಪನಿಯ ಮುಖ್ಯಸ್ಥನಿಗೆ ಜೈಲಾಯಿತು. ಕಂಪನಿಯ ಮೇಲೂ ನರಹತ್ಯೆಯ ಅಪರಾಧ ಸಾಬೀತಾಯಿತು.

ಸತ್ತ ಮಕ್ಕಳ ತಂದೆ ತಾಯಿ ಸುಮ್ಮನೆ ಕೂರಲಿಲ್ಲ. ಪ್ಲಿಮತ್‌ನ ಸಂಸದ ಸಂಸತ್ತಿನಲ್ಲಿ ಖಾಸಗಿ ಮಸೂದೆ ತಂದರು. 1995ರಲ್ಲಿ ಕಾನೂನಾಯಿತು. ಆ ಕಾನೂನು ಹೇಳಿದ್ದು ‘ಸಮುದ್ರ ಮುಚ್ಚಿ’ ಅಂತ ಅಲ್ಲ. ‘ಹದಿನೆಂಟು ವರ್ಷದೊಳಗಿನ ಮಕ್ಕಳಿಗೆ ದುಡ್ಡು ತೆಗೆದುಕೊಂಡು ಬಂಡೆ ಏರುವುದು, ನೀರಿನ ಆಟ, ಚಾರಣ, ಗುಹೆ ಇಳಿಯುವುದು ಇವನ್ನು ಮಾಡಿಸುವ ಸಂಸ್ಥೆ ಪರವಾನಗಿ ಪಡೆಯಬೇಕು. ಬಂದು ಪರೀಕ್ಷೆ ಮಾಡುತ್ತೇವೆ’ ಎಂದಿತು.

ಫಲ ಏನು? ಅದೇ ಲೈಮ್ ಕೊಲ್ಲಿಯ ಪೂರ್ವದ ತುದಿಯಲ್ಲಿ ಪೋರ್ಟ್‌ಲ್ಯಾಂಡ್ ಎಂಬ ಸುಣ್ಣಕಲ್ಲಿನ ಗುಡ್ಡವಿದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿಗೆ ಹೋದ ಕಲ್ಲು ಅಲ್ಲಿಯದು. ಇವತ್ತು ಅಲ್ಲಿನ ಬಂಡೆಗಳ ಮೇಲೆ ಜನ ಹಗ್ಗ ಕಟ್ಟಿ ಏರುವುದು ಕಲಿಯುತ್ತಾರೆ. ಆ ಗುಡ್ಡದ ಅಂಚಿನಲ್ಲೇ 1,014 ಕಿ.ಮೀ. ಉದ್ದದ ಕರಾವಳಿ ಕಾಲುದಾರಿ ಹಾದುಹೋಗುತ್ತದೆ. ಹಕ್ಕಿ ಗೂಡು ಕಟ್ಟುವ ತಿಂಗಳಲ್ಲಿ ಕೆಲವು ಬಂಡೆ ಏರಬಾರದು ಅಂತ ಕಟ್ಟಳೆಯೂ ಇದೆ. ನಾಲ್ಕು ಮಕ್ಕಳನ್ನು ಕಳೆದುಕೊಂಡ ಕರಾವಳಿ ಮಕ್ಕಳನ್ನು ಮನೆಯಲ್ಲಿ ಕೂರಿಸಲಿಲ್ಲ. ಕರೆದೊಯ್ಯುವವನನ್ನು ಕಟಕಟೆಗೆ ನಿಲ್ಲಿಸಿ, ನಿನಗೇನು ಗೊತ್ತು ಅಂತ ಕೇಳಿತು.

ನಾವು ಸಮುದ್ರವನ್ನು ಕೇಳುತ್ತಿದ್ದೇವೆ. ಸಮುದ್ರ ಉತ್ತರ ಕೊಡುವುದಿಲ್ಲ.

ಒಳ್ಳೆಯ ಪಾಠ ಅಂದರೆ ಹೇಗಿರುತ್ತದೆ

ಬಂಡೆ ಏರುವುದು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಚಿತ್ರದುರ್ಗದ ಜ್ಯೋತಿರಾಜ್. ಹಗ್ಗವಿಲ್ಲದೆ ಕೋಟೆಯ ಗೋಡೆಗೆ ಅಂಟಿಕೊಂಡು ಏರುವ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡಿದೆ. ಅದು ಒಬ್ಬ ಅಸಾಮಾನ್ಯ ಮನುಷ್ಯನ ಸಾಹಸ. ನಾನು ಹೇಳುತ್ತಿರುವುದು ಅದಲ್ಲ. ಸಾಮಾನ್ಯ ಮನುಷ್ಯ, ಹತ್ತನೇ ತರಗತಿಯ ಹುಡುಗಿ, ಅರ್ಧ ದಿನದಲ್ಲಿ ಕಲಿಯುವ ಪಾಠ.

ಸರಿಯಾಗಿ ಕಲಿಸುವವನು ಮೊದಲ ಒಂದು ಗಂಟೆ ಬಂಡೆ ಮುಟ್ಟಿಸುವುದೇ ಇಲ್ಲ. ನೆಲದ ಮೇಲೆ ಕೂರಿಸಿ ತಲೆಗೆ ಹೆಲ್ಮೆಟ್, ಸೊಂಟಕ್ಕೂ ತೊಡೆಗೂ ಪಟ್ಟಿ ಹಾಕಿಸುತ್ತಾನೆ. ಆ ಪಟ್ಟಿಗೆ ಹಾರ್ನೆಸ್ ಅನ್ನುತ್ತಾರೆ. ಹಗ್ಗವನ್ನು ಅದಕ್ಕೆ ಎಂಟರ ಆಕಾರದ ಗಂಟಿನಿಂದ ಕಟ್ಟುವುದನ್ನು ಹತ್ತು ಸಲ ಮಾಡಿಸುತ್ತಾನೆ. ಗಂಟು ಕಟ್ಟಿದವನು ಒಬ್ಬ, ಸರಿಯಿದೆಯಾ ಎಂದು ನೋಡುವವನು ಇನ್ನೊಬ್ಬ. ತನ್ನ ಗಂಟನ್ನು ತಾನೇ ಸರಿ ಅನ್ನುವಂತಿಲ್ಲ. ಪಂಚಾಯಿತಿ ಬಿಲ್ಲಿಗೂ ಈ ನಿಯಮ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಬಂಡೆಯ ತಲೆಯ ಮೇಲೆ ಹಗ್ಗಕ್ಕೆ ಆಧಾರ ಕಟ್ಟಿರುತ್ತಾರೆ. ಒಂದು ಕಡೆ ಅಲ್ಲ, ಕನಿಷ್ಠ ಎರಡು ಕಡೆ. ಒಂದು ಬಿಟ್ಟುಕೊಂಡರೂ ಇನ್ನೊಂದು ತಡೆಯಬೇಕು. ಹಗ್ಗದ ಒಂದು ತುದಿ ಏರುವವನ ಸೊಂಟಕ್ಕೆ. ಅದು ಮೇಲೆ ಹೋಗಿ, ಆಧಾರದ ಕೊಂಡಿಯಲ್ಲಿ ತೂರಿ, ಕೆಳಗೆ ನಿಂತವನ ಕೈಗೆ ಬರುತ್ತದೆ. ಏರುವವನು ಮೇಲೆ ಹೋದ ಹಾಗೆ ಕೆಳಗಿನವನು ಸಡಿಲ ಎಳೆದುಕೊಳ್ಳುತ್ತಾ ಇರುತ್ತಾನೆ. ಕೈಜಾರಿದರೆ ಬೀಳುವುದು ಒಂದು ಗೇಣೋ ಎರಡು ಗೇಣೋ. ಜೀವ ಇರುವುದು ಕೆಳಗಿನವನ ಕೈಯಲ್ಲಿ.

ಇದು ನಮಗೆ ಹೊಸದೇ? ಅಡಿಕೆ ಕೊನೆ ಕೊಯ್ಯುವುದನ್ನು ನೋಡಿದವರಿಗೆ ಹೊಸದಲ್ಲ. ಮೇಲೆ ಕೊನೆಗೌಡ, ಕೆಳಗೆ ಹಗ್ಗ ಹಿಡಿದವನು. ಹಗ್ಗದ ಮೇಲೆ ಗೊನೆ ಜಾರಿ ಬರುವಾಗ ಕೆಳಗಿನವನು ಒಂದು ಕ್ಷಣ ಮೈಮರೆತರೂ ಗೊನೆ ಚೂರು. ಮೇಲೆ ಕೆಳಗೆ ಇಬ್ಬರೂ ಮಾತಿಲ್ಲದೆ ಅರ್ಥ ಮಾಡಿಕೊಳ್ಳುತ್ತಾರೆ. ಒಂದೇ ವ್ಯತ್ಯಾಸ: ಬಂಡೆ ಪಾಠದಲ್ಲಿ ಹಗ್ಗ ಇರುವುದು ಮನುಷ್ಯನ ಜೀವಕ್ಕೆ. ನಮ್ಮ ತೋಟದಲ್ಲಿ ಹಗ್ಗ ಇರುವುದು ಅಡಿಕೆಗೆ. ಕೊನೆಗೌಡನ ಸೊಂಟಕ್ಕೆ ಬೆಲ್ಟು ಕಟ್ಟಿದ್ದನ್ನು ನೋಡುವುದು ಅಪರೂಪ. ಅಡಿಕೆ ನೆಲಕ್ಕೆ ಬೀಳಬಾರದು, ಮನುಷ್ಯ ಬಿದ್ದರೆ ಹಣೆಬರಹ.

ಇನ್ನೊಂದು ಮಾತು. ಒಳ್ಳೆಯ ಗುರು ಮೊದಲು ಕಲಿಸುವುದು ಬೀಳುವುದನ್ನು. ಮಗು ನೆಲದಿಂದ ಮೂರು ನಾಲ್ಕು ಅಡಿ ಏರಿದ ಕೂಡಲೇ ‘ಈಗ ಕೈ ಬಿಡು’ ಅನ್ನುತ್ತಾನೆ. ಮಗು ಬಿಡುವುದಿಲ್ಲ. ಮತ್ತೆ ಹೇಳುತ್ತಾನೆ. ಕೊನೆಗೆ ಬಿಟ್ಟಾಗ ಹಗ್ಗ ಹಿಡಿಯುತ್ತದೆ, ಮಗು ತೂಗುತ್ತಾ ನಗುತ್ತದೆ. ಯಾವುದು ನಿಜವಾದ ಅಪಾಯ, ಯಾವುದು ಬರೀ ಹೆದರಿಕೆ ಎಂಬುದು ಆ ಮಗುವಿಗೆ ಆಗ ತಿಳಿಯುತ್ತದೆ. ‘ಇಳಿಯಬೇಡಿ’ ಅನ್ನುವ ಬೋರ್ಡು ಇದನ್ನು ನೂರು ವರ್ಷ ನಿಂತರೂ ಕಲಿಸಲಾರದು.

ನಡಿಗೆಯೂ ಪಾಠವೇ

ಬಂಡೆ ಮುಗಿದ ಮೇಲೆ ಕರಾವಳಿಯ ಗುಂಟ ನಡಿಗೆ. ಇದನ್ನು ಬರೀ ಚೆಂದ ನೋಡುವ ಕಾರ್ಯಕ್ರಮ ಅಂದುಕೊಳ್ಳಬೇಡಿ. ಜೊತೆಗೆ ತಿಳಿದವರಿದ್ದರೆ ಅದು ಇನ್ನೊಂದು ಶಾಲೆ.

ಭರತ ಇಳಿತದ ಲೆಕ್ಕ ತೆಗೆದುಕೊಳ್ಳಿ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗೆ ಏರಿಳಿತ ಹೆಚ್ಚು. ಬೆಳಗ್ಗೆ ಒಣಗಿದ್ದ ಬಂಡೆಯ ದಾರಿ ಮಧ್ಯಾಹ್ನ ನೀರಿನ ಕೆಳಗಿರುತ್ತದೆ. ಹೋದ ದಾರಿಯಲ್ಲೇ ಬರುತ್ತೇನೆ ಅಂದುಕೊಂಡವನು ಬಂಡೆಯ ಮೇಲೆ ಸಿಕ್ಕಿಹಾಕಿಕೊಳ್ಳುವುದು ಹೀಗೆ. ಕಲ್ಲಿಗೆ ಅಂಟಿದ ಚಿಪ್ಪು ಕೀಳಲು ಹೋಗುವ ನಮ್ಮ ಹೆಂಗಸರಿಗೆ ಈ ಲೆಕ್ಕ ಬಾಯಿಪಾಠ. ಬೆಂಗಳೂರಿನ ಗೈಡಿಗೆ ಗೊತ್ತಿಲ್ಲದಿದ್ದರೆ ಆಶ್ಚರ್ಯವಿಲ್ಲ. ಇಲ್ಲೇ ಹುಟ್ಟಿದ ಹೈಸ್ಕೂಲು ಮಗುವಿಗೆ ಗೊತ್ತಿಲ್ಲದಿದ್ದರೆ ಅದು ಯಾರ ತಪ್ಪು?

ಸೆಳೆತದ ಗುರುತು ಇನ್ನೊಂದು. ಎರಡು ಕಡೆ ಅಲೆ ಒಡೆಯುತ್ತಾ ನಡುವೆ ಒಂದು ಪಟ್ಟೆ ಮಾತ್ರ ಶಾಂತವಾಗಿ, ಕಪ್ಪಾಗಿ ಕಂಡರೆ ಹೊಸಬರು ಅಲ್ಲಿಗೇ ಇಳಿಯುತ್ತಾರೆ. ಅಲೆ ಇಲ್ಲ, ಅಲ್ಲಿ ಅಪಾಯವಿಲ್ಲ ಅಂತ. ನೀರು ಒಳಗೆ ವಾಪಸ್ ಹೋಗುವ ದಾರಿಯೇ ಅದು. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಅಡ್ಡವಾಗಿ ಈಜಿ ಸೆಳೆತದ ಪಟ್ಟೆಯಿಂದ ಹೊರಬರಬೇಕು. ಈ ಎರಡು ವಾಕ್ಯ ಯಾವ ಶಾಲೆಯ ಗೋಡೆಯ ಮೇಲಿದೆ? ಪ್ರವಾಸಕ್ಕೆ ಹೊರಡುವ ಎಷ್ಟು ಬಸ್ಸುಗಳಲ್ಲಿ ಇದನ್ನು ಹೇಳಿ ಹೊರಡಿಸುತ್ತಾರೆ?

ಕಲ್ಲಿನ ಪಾಠವೂ ಇದೆ. ಗೋಕರ್ಣದ ಗುಡ್ಡದ ಮೇಲ್ಭಾಗ ಜಂಬಿಟ್ಟಿಗೆ, ನಮ್ಮ ಮನೆಗಳಿಗೆ ಕೊಯ್ದು ತರುವ ಅದೇ ಚಿರೆಕಲ್ಲು. ಬಿಸಿಲಿಗೆ ಗಟ್ಟಿ, ಮಳೆಗೆ ಸಡಿಲ. ಅಂಚಿನಲ್ಲಿ ನಿಂತರೆ ಕಾಲ ಕೆಳಗಿನ ತುಂಡೇ ಕಳಚಬಹುದು. ಗಟ್ಟಿ ಕಪ್ಪು ಬಂಡೆ ಇರುವುದು ಕೆಳಗೆ, ನೀರಿನ ಹತ್ತಿರ. ಇದು ಗೊತ್ತಿಲ್ಲದವನು ಚಿರೆಕಲ್ಲಿನ ಅಂಚಿಗೆ ಹಗ್ಗ ಕಟ್ಟುತ್ತಾನೆ.

ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಎರಡು ವರ್ಷದ ಹಿಂದೆ ಸುದ್ದಿಗೆಂದು ಹೋಗಿದ್ದಾಗ ಹೊರಗಿನ ಒಂದು ತಂಡ ಇಪ್ಪತ್ತು ಜನರನ್ನು ಹಗ್ಗದಲ್ಲಿ ಇಳಿಸುತ್ತಿತ್ತು. ಹಗ್ಗ ಕಟ್ಟಿದ್ದು ಒಂದೇ ಒಂದು ಗೇರುಮರಕ್ಕೆ. ಮರ ನಿಂತಿದ್ದು ಅಂಚಿನಿಂದ ಮೂರು ಮಾರು ದೂರದ ಚಿರೆಕಲ್ಲಿನ ಮೇಲೆ. ಹೆಲ್ಮೆಟ್ ಆರೇಳು ಇದ್ದವು, ಇಳಿದವರು ಕೆಳಗೆ ಬಿಚ್ಚಿ ಮೇಲೆ ಎಸೆಯುತ್ತಿದ್ದರು. ‘ನೀವು ಎಲ್ಲಿ ತರಬೇತಿ ಪಡೆದಿದ್ದು’ ಎಂದು ಕೇಳಿದೆ. ‘ಐದು ವರ್ಷದ ಅನುಭವ ಇದೆ ಸರ್’ ಅಂದ. ಆ ದಿನ ಏನೂ ಆಗಲಿಲ್ಲ. ಏನೂ ಆಗದಿದ್ದರೆ ಅದು ಸುದ್ದಿಯೂ ಅಲ್ಲ. ಪೇಪರಿನವರು ‘ಏನಾದರೂ ಆಗಿದ್ದರೆ ಕಳಿಸಿ’ ಅಂದರು. ನಮ್ಮ ವ್ಯವಸ್ಥೆ ಎಲ್ಲವೂ ‘ಏನಾದರೂ ಆಗಲಿ’ ಎಂದು ಕಾಯುತ್ತಾ ಕೂತಿದೆ, ಸುದ್ದಿಮನೆಯೂ ಸೇರಿ.

‘ಆದರೆ’ ಅನ್ನುವವರಿಗೆ

ಮೊದಲ ಆದರೆ: ಇದು ಶ್ರೀಮಂತರ ಶೋಕಿ, ಬಡವರ ಮಕ್ಕಳಿಗೆ ಯಾಕೆ? ಇಂಗ್ಲಿಷ್ ಮಾತನಾಡುವುದನ್ನೂ ಒಂದು ಕಾಲದಲ್ಲಿ ಹೀಗೇ ಅನ್ನುತ್ತಿದ್ದರು. ಹಗ್ಗ, ಗಂಟು, ಎತ್ತರ, ನೀರು ಇವುಗಳ ಜೊತೆ ದಿನವೂ ಕೆಲಸ ಮಾಡುವವರು ಯಾರು? ಬಾವಿಗೆ ಇಳಿಯುವವನು, ತೆಂಗು ಅಡಿಕೆ ಹತ್ತುವವನು, ಮೊಬೈಲ್ ಟವರ್ ಏರುವವನು, ದೋಣಿಯಲ್ಲಿ ಹೋಗುವವನು. ಇವರೆಲ್ಲ ನಮ್ಮ ಮನೆಯವರೇ. ಶೋಕಿಗೆ ಬಂದವರು ಹೆಲ್ಮೆಟ್ ಹಾಕಿಕೊಂಡು ಒಂದು ಗಂಟೆ ಏರುತ್ತಾರೆ. ಹೊಟ್ಟೆಪಾಡಿಗೆ ಏರುವವರು ಬರಿತಲೆಯಲ್ಲಿ ಜೀವಮಾನವಿಡೀ ಏರುತ್ತಾರೆ. ಹಗ್ಗದ ವಿದ್ಯೆ ಹೆಚ್ಚು ಬೇಕಿರುವುದು ಯಾರಿಗೆ, ನೀವೇ ಹೇಳಿ.

ಎರಡನೆಯ ಆದರೆ: ಗುಡ್ಡ ನಮಗೆ ದೇವರು, ಹತ್ತಿಸಬೇಡಿ. ಒಪ್ಪಿದೆ. ಯಾಣದ ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಅವು ನೋಡಿ ಕೈಮುಗಿಯುವ ಬಂಡೆಗಳು. ಅದಕ್ಕೆ ಮೊಳೆ ಹೊಡೆಯುತ್ತೇವೆ ಎಂದು ಬಂದರೆ ಊರು ಎದ್ದು ನಿಲ್ಲಬೇಕು. ಬಿಳಿ ಹೊಟ್ಟೆಯ ಕಡಲ ಹದ್ದು ಗೂಡು ಕಟ್ಟಿರುವ ಕಡೆಯೂ ಹೋಗಬಾರದು. ಯಾವ ಬಂಡೆ ಏರಬಹುದು, ಯಾವುದು ಏರಬಾರದು ಎಂದು ತೀರ್ಮಾನಿಸುವುದು ಗ್ರಾಮಸಭೆಯಲ್ಲಿ ಆಗಲಿ. ತಜ್ಞರು ಕಲ್ಲು ಗಟ್ಟಿಯೋ ಎಂದು ಹೇಳಲಿ, ಅರಣ್ಯ ಇಲಾಖೆ ಹಕ್ಕಿಯ ಮಾತು ಹೇಳಲಿ, ಊರಿನವರು ದೇವರ ಮಾತು ಹೇಳಲಿ. ಮೂವರೂ ಹೂಂ ಅಂದ ಒಂದೆರಡು ಬಂಡೆ ಸಾಕು. ಪಾಠಕ್ಕೆ ಮೂವತ್ತು ಅಡಿ ಎತ್ತರ ಧಾರಾಳ.

ಮೂರನೆಯ ಆದರೆ ಸ್ವಲ್ಪ ಗಟ್ಟಿ: ಇನ್ನೊಂದು ಪರವಾನಗಿ ಅಂದರೆ ಇನ್ನೊಂದು ಲಂಚದ ಬಾಗಿಲು. ಹೌದು, ನಮ್ಮಲ್ಲಿ ಸಹಿ ಬೇಕಾದಲ್ಲೆಲ್ಲ ಕೈ ಚಾಚುವವರಿದ್ದಾರೆ. ಹಾಗಂತ ಬಸ್ ಡ್ರೈವರಿಗೆ ಲೈಸೆನ್ಸ್ ಬೇಡ ಅನ್ನುತ್ತೇವೆಯೇ? ಈ ಪರವಾನಗಿಯಲ್ಲಿ ಗುಟ್ಟು ಇರಬಾರದು. ಯಾರಿಗೆ ಕೊಟ್ಟಿದೆ, ಅವರು ಎಲ್ಲಿ ತರಬೇತಿ ಪಡೆದಿದ್ದಾರೆ, ಯಾವ ಬಂಡೆಗೆ, ಒಂದು ದಿನಕ್ಕೆ ಎಷ್ಟು ಜನ ಎಂಬುದನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿ. ತಗಡಿನ ಬೋರ್ಡಿಗೆ ಬಣ್ಣ ಹೇಗೂ ಇದೆಯಲ್ಲ.

ನಾಲ್ಕನೆಯ ಆದರೆ: ಮಾರ್ಗಸೂಚಿ ಇದೆಯಲ್ಲ? ಇದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸಕ್ಕೆ ಮಾರ್ಗಸೂಚಿ ಹೊರತಂದಿದೆ, ಬಂಡೆ ಏರುವುದೂ ಅದರಲ್ಲಿದೆ. ರಾಜ್ಯ ಸರ್ಕಾರಕ್ಕೆ ಜನರಲ್ ತಿಮ್ಮಯ್ಯ ಹೆಸರಿನ ಸಾಹಸ ಅಕಾಡೆಮಿಯೇ ಇದೆ. ಚಾರಣದ ದಾರಿಗಳಲ್ಲಿ ಜನ ಮಿತಿಮೀರಿದಾಗ 2024ರಲ್ಲಿ ಸರ್ಕಾರ ಚಾರಣ ನಿಲ್ಲಿಸಿ, ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ತಂದಿದ್ದೂ ನಮಗೆ ಗೊತ್ತು. ಅಂದರೆ ಮನಸ್ಸು ಮಾಡಿದರೆ ಸರ್ಕಾರಕ್ಕೆ ಆಗುತ್ತದೆ. ಆದರೆ ಬುಕಿಂಗ್ ತಲೆ ಎಣಿಸುತ್ತದೆ. ಹಗ್ಗ ಕಟ್ಟಿದವನಿಗೆ ಕಟ್ಟಲು ಬರುತ್ತದೆಯೇ ಎಂದು ಕೇಳುವುದಿಲ್ಲ. ಮಾರ್ಗಸೂಚಿ ಅಂದರೆ ಸಲಹೆ. ಸಲಹೆ ಮುರಿದವನಿಗೆ ಶಿಕ್ಷೆ ಇಲ್ಲ.

ಊರಿನವರಿಗೆ ಕೆಲಸ, ಹಮಾಲಿಯಲ್ಲ

ಇವತ್ತು ಈ ವ್ಯಾಪಾರದಲ್ಲಿ ನಮ್ಮ ಹುಡುಗರ ಪಾಲು ಎಷ್ಟು? ಬ್ಯಾಗು ಹೊರುವುದು, ಟೆಂಟು ಹೂಡುವುದು, ಬೆಳಗ್ಗೆ ಅವಲಕ್ಕಿ ಚಹಾ ಕೊಡುವುದು, ಕೊನೆಗೆ ಪ್ಲಾಸ್ಟಿಕ್ ಹೆಕ್ಕುವುದು. ಯಾರಾದರೂ ನೀರಿಗೆ ಬಿದ್ದರೆ ಹಾರಿ ಎಳೆದು ತರುವುದೂ ಅವರೇ. ಆ ಒಂದು ದಿನ ಮಾತ್ರ ಪೇಪರಿನಲ್ಲಿ ‘ಸ್ಥಳೀಯ ಮೀನುಗಾರರು’ ಅಂತ ಬರುತ್ತದೆ, ಹೆಸರೂ ಇರುವುದಿಲ್ಲ. ಗೈಡು ಮಾತ್ರ ಹೊರಗಿನಿಂದ ಬರುತ್ತಾನೆ.

ಗೈಡಿನ ಕೆಲಸಕ್ಕೆ ಬೇಕಾದ ಅರ್ಧ ವಿದ್ಯೆ ನಮ್ಮ ಹುಡುಗರ ಹತ್ತಿರ ಈಗಾಗಲೇ ಇದೆ. ನೀರು ಗೊತ್ತು, ಗಾಳಿ ಗೊತ್ತು, ಗುಡ್ಡದ ದಾರಿ ಗೊತ್ತು, ಕಾಲು ಗಟ್ಟಿ. ಉಳಿದರ್ಧ ಹಗ್ಗದ ವಿದ್ಯೆ ಮತ್ತು ಪ್ರಥಮ ಚಿಕಿತ್ಸೆ. ಅದು ಕಲಿಯಬಹುದಾದದ್ದು. ಡಾರ್ಜಿಲಿಂಗ್, ಉತ್ತರಕಾಶಿಯಲ್ಲಿ ದಶಕಗಳಿಂದ ಪರ್ವತಾರೋಹಣ ಸಂಸ್ಥೆಗಳಿವೆ. ನಮ್ಮದೇ ಬಾದಾಮಿಯ ಕೆಂಪು ಮರಳುಗಲ್ಲಿಗೆ ದೇಶದ ಮೂಲೆ ಮೂಲೆಯಿಂದ ಏರುವವರು ಬರುತ್ತಾರೆ. ಪ್ರತಿ ಕರಾವಳಿ ತಾಲ್ಲೂಕಿನಿಂದ ವರ್ಷಕ್ಕೆ ಹತ್ತು ಹುಡುಗ ಹುಡುಗಿಯರನ್ನು ಸರ್ಕಾರಿ ಖರ್ಚಿನಲ್ಲಿ ಕಳಿಸಿ ಕಲಿಸಿದರೆ ಬೊಕ್ಕಸ ಬರಿದಾಗುವುದಿಲ್ಲ. ಉತ್ಸವಕ್ಕೆ ಹಾಕುವ ಒಂದು ರಾತ್ರಿಯ ಪೆಂಡಾಲು ಕಡಿಮೆ ಮಾಡಿ, ಸಾಕು.

ಹುಡುಗಿಯರು ಅಂತ ಬೇಕೆಂದೇ ಬರೆದಿದ್ದೇನೆ. ಶಾಲೆಯ ಹೆಣ್ಣುಮಕ್ಕಳಿಗೆ ಸೊಂಟದ ಪಟ್ಟಿ ಕಟ್ಟಿಸುವಾಗ, ನೀರಿನ ಅಂಚಿನಲ್ಲಿ ಕೈಹಿಡಿಯುವಾಗ ಹೆಣ್ಣು ಗೈಡು ಇದ್ದರೆ ತಾಯಂದಿರು ಧೈರ್ಯವಾಗಿ ಕಳಿಸುತ್ತಾರೆ. ಇಲ್ಲದಿದ್ದರೆ ‘ಹೆಣ್ಣುಮಕ್ಕಳಿಗೆ ಬೇಡ’ ಅನ್ನುವ ಇನ್ನೊಂದು ಬೋರ್ಡು ಏಳುತ್ತದೆ.

ಮಳೆಗಾಲದಲ್ಲಿ ಇದೆಲ್ಲ ಬಂದ್ ಆಗಬೇಕು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ ಇದೆ. ಮೀನುಗಾರರು ಅದನ್ನು ಪಾಲಿಸುತ್ತಾರೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಜಿಲ್ಲೆ ಇದು. ಮಳೆಯಲ್ಲಿ ಕಡಲಿಗೆ ಇಳಿಯದ ಬುದ್ಧಿ ಗುಡ್ಡ ಏರಿಸುವ ಕಂಪನಿಗೂ ಇರಲಿ. ಇಲ್ಲದಿದ್ದರೆ ಕಾನೂನು ಅದನ್ನು ಕೊಡಲಿ.

ಕರೆದೊಯ್ಯುವವನಿಗೆ ಏಳು ಪ್ರಶ್ನೆ

ಕಾನೂನು ಬರುವವರೆಗೆ ಕಾಯಬೇಕಿಲ್ಲ. ನಿಮ್ಮ ಮಗುವನ್ನು ಶಾಲೆಯೋ ಕಂಪನಿಯೋ ಇಂಥ ಪಾಠಕ್ಕೆ ಕರೆದೊಯ್ಯುತ್ತದೆ ಅಂದರೆ ಈ ಪ್ರಶ್ನೆ ಕೇಳಿ. ಮೊಬೈಲಿನಲ್ಲಿ ಉಳಿಸಿಟ್ಟುಕೊಳ್ಳಿ.

ಒಂದು. ಗೈಡ್ ಎಲ್ಲಿ ತರಬೇತಿ ಪಡೆದಿದ್ದಾರೆ? ಸರ್ಟಿಫಿಕೇಟ್ ತೋರಿಸಲಿ. ‘ಅನುಭವ ಇದೆ’ ಎಂಬುದು ಉತ್ತರವಲ್ಲ.

ಎರಡು. ಹಗ್ಗ ಯಾವುದು? ಬಾವಿಗೆ ಹಾಕುವ ಹಗ್ಗ ಬೀಳುವ ಮನುಷ್ಯನನ್ನು ತಡೆಯಲು ಮಾಡಿದ್ದಲ್ಲ. ಏರುವ ಹಗ್ಗ ಹಿಗ್ಗಿ ಬೀಳುವ ಪೆಟ್ಟನ್ನು ನುಂಗುತ್ತದೆ. ಅಂಥ ಹಗ್ಗಕ್ಕೆ 80 ಕಿಲೊ ತೂಕ ಕಟ್ಟಿ ಬೀಳಿಸಿ ಪರೀಕ್ಷೆ ಮಾಡುತ್ತಾರೆ, ಕನಿಷ್ಠ ಐದು ಸಲ ತಡೆದರೆ ಮಾತ್ರ ಪಾಸು. ಅದರ ಮೇಲೆ ಯುಐಎಎ ಅಥವಾ ಸಿಇ ಗುರುತು ಇರುತ್ತದೆ.

ಮೂರು. ಹಗ್ಗ ಎಷ್ಟು ವರ್ಷದ್ದು? ಬಳಸದೆ ಇಟ್ಟರೂ ಹತ್ತು ವರ್ಷಕ್ಕೆ ಬಿಸಾಡಬೇಕು. ವಾರವಾರ ಉಪ್ಪುಗಾಳಿ, ಮರಳಿನಲ್ಲಿ ಎಳೆದ ಹಗ್ಗ ಅದಕ್ಕಿಂತ ಬಹಳ ಮೊದಲೇ ಸವೆಯುತ್ತದೆ.

ನಾಲ್ಕು. ಆಧಾರ ಎಷ್ಟು ಕಡೆ ಕಟ್ಟುತ್ತೀರಿ? ಒಂದು ಅಂದರೆ ಮಗುವನ್ನು ವಾಪಸ್ ಕರೆದುಕೊಂಡು ಬನ್ನಿ.

ಐದು. ತಲೆಗೊಂದು ಹೆಲ್ಮೆಟ್ ಇದೆಯಾ? ಏರುವವರಿಗೆ ಮಾತ್ರ ಅಲ್ಲ, ಕೆಳಗೆ ನಿಂತವರಿಗೂ. ಕಲ್ಲು ಬೀಳುವುದು ಕೆಳಗಿನವರ ತಲೆಯ ಮೇಲೆ.

ಆರು. ಇವತ್ತು ಭರತ ಎಷ್ಟು ಗಂಟೆಗೆ? ಗೈಡು ಮೊಬೈಲ್ ತೆಗೆದು ಹುಡುಕಲು ಶುರುಮಾಡಿದರೆ ಅವನು ಹೊರಡುವ ಮೊದಲು ನೋಡಿಲ್ಲ ಅಂತ ಅರ್ಥ.

ಏಳು. ಯಾರಿಗಾದರೂ ಪೆಟ್ಟಾದರೆ ಯಾವ ದಾರಿಯಲ್ಲಿ, ಯಾವ ಆಸ್ಪತ್ರೆಗೆ? ಹಾಫ್ ಮೂನ್, ಪ್ಯಾರಡೈಸ್ ತೀರಕ್ಕೆ ರಸ್ತೆಯಿಲ್ಲ. ನಡೆದೋ ದೋಣಿಯಲ್ಲೋ ಬರಬೇಕು. ದೋಣಿಯವನ ಫೋನ್ ನಂಬರ್ ಗೈಡಿನ ಹತ್ತಿರ ಇದೆಯಾ?

ಏಳಕ್ಕೂ ಸರಿಯಾದ ಉತ್ತರ ಕೊಡುವವರು ಇದ್ದಾರೆ. ಅಂಥವರ ಜೊತೆ ನಿಶ್ಚಿಂತೆಯಿಂದ ಕಳಿಸಿ. ಪ್ರಶ್ನೆ ಕೇಳಿದ್ದಕ್ಕೆ ಸಿಟ್ಟಾಗುವವರ ಜೊತೆ ಕಳಿಸಬೇಡಿ. ಒಳ್ಳೆಯ ಗೈಡಿಗೆ ಪ್ರಶ್ನೆ ಕೇಳುವ ಅಪ್ಪ ಅಮ್ಮ ಅಂದರೆ ಇಷ್ಟ.

ಕೇಳಬೇಕಾದ್ದು ಇಷ್ಟೇ

ನಾವು ಸರ್ಕಾರವನ್ನು ಕೇಳಬೇಕಾದ್ದು ಮೂರು. ಮಕ್ಕಳನ್ನು ದುಡ್ಡಿಗೆ ಬಂಡೆ, ನೀರು, ಗುಡ್ಡಕ್ಕೆ ಕರೆದೊಯ್ಯುವವರಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು, ಮುರಿದರೆ ಜೈಲು. ಕರಾವಳಿಯ ಯುವಕ ಯುವತಿಯರಿಗೆ ತರಬೇತಿ, ಪರವಾನಗಿಯಲ್ಲಿ ಮೊದಲ ಹಕ್ಕು. ಕರಾವಳಿಯ ಪ್ರತಿ ಹೈಸ್ಕೂಲು ಮಗುವಿಗೆ ವರ್ಷಕ್ಕೆ ಒಂದು ದಿನ, ಉಚಿತವಾಗಿ, ಬಂಡೆ ಮತ್ತು ಕಡಲಿನ ಪಾಠ. ಬೆಳಗ್ಗೆ ಹಗ್ಗ, ಮಧ್ಯಾಹ್ನ ನಡಿಗೆ, ಸಂಜೆ ಸೆಳೆತ ಗುರುತಿಸುವುದು. ಒಳನಾಡಿನ ಶಾಲೆಗಳು ಪ್ರವಾಸಕ್ಕೆ ಬಂದಾಗ ಅವರನ್ನು ನೀರಿನ ಹತ್ತಿರ ಕರೆದೊಯ್ಯುವುದು ಇದೇ ಮಕ್ಕಳ ಅಣ್ಣ ಅಕ್ಕಂದಿರಾಗಲಿ.

ಮುಂದಿನ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆಗೆ ಇದನ್ನೂ ಬರೆಸಿ. ಅಧ್ಯಕ್ಷರು ನಗಬಹುದು. ನಗಲಿ, ನಡಾವಳಿ ಪುಸ್ತಕದಲ್ಲಿ ಬರೆಸದೆ ಏಳಬೇಡಿ. ಬರೆಸಿದ್ದನ್ನು ಫೋಟೊ ತೆಗೆದು ನಮಗೆ ಕಳಿಸಿ. ಎಷ್ಟು ಪಂಚಾಯಿತಿ ಬರೆದವು, ಎಷ್ಟು ನಕ್ಕವು ಅಂತ ಲೆಕ್ಕ ಹಾಕಿ ಇಲ್ಲೇ ಪ್ರಕಟಿಸುತ್ತೇವೆ.